ಹಡಗಿನ ಮನೆವಾರ್ತೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಇವೆರಡರಲ್ಲಿ ಒಂದನ್ನು ಮಾಡುವಷ್ಟರಲ್ಲಿಯೇ ಗೃಹಸ್ಥನಾದವನಿಗೆ ಸಾಕುಸಾಕಾಗುತ್ತದೆ. ಪ್ರಯಾಣಿಕರ ದೊಡ್ಡ ಹಡಗನ್ನು ನಡೆಸುವವರಾದರೋ ಎರಡನ್ನೂ ಒಟ್ಟಿಗೆ ಮಾಡಬೇಕು. ಸಾವಿರಾರು ಮಂದಿಗೆ ಮಲಗಲು ಕೋಣೆಯಾಗಬೇಕು. ದಿನವೂ ಮದುವೆಮನೆಯ ಅಡುಗೆಯಾಗಬೇಕು. ಬಂದ ನೆಂಟರಿಗೆ ಬೇಸರವಾಗದಂತೆ ಹಾಡು, ಕುಣಿತ, ಆಟಪಾಟಗಳಾಗಬೇಕು. ಉಪ್ಪಿಗೇನೋ ಕೊರತೆಯಿಲ್ಲ, ಸುತ್ತಲೂ ಇರುವುದೆಲ್ಲ ಉಪ್ಪುನೀರೇ. ಆದರೆ ಒಂದು ಸೇರು ಹಾಲು ಕಡಮೆ ಬಿದ್ದರೆ ನೆರೆಮನೆಗೆ ಹುಡುಗನನ್ನು ಓಡಿಸುವ ಹಾಗಿಲ್ಲ.

ಹಡಗಿನ ಯಂತ್ರಗಳ ವಿಚಾರವನ್ನು ಹೇಳಬಲ್ಲವರು ಬೇರೆ ಇದ್ದಾರೆ. ಈ ಹೊತ್ತು ನಾನು ಹೇಳಬೇಕೆಂದಿರುವುದು ಹಡಗಿನ ಮನೆವಾರ್ತೆಯನ್ನು ಕುರಿತು. ಕೋಣೆ, ಊಟ, ವಿನೋದ ಈ ಮೂರನ್ನು ಕಂಡರೆ ಒಂದು ಮನೆಯ ಸಿರಿ ತಿಳಿಯುತ್ತದೆ. ಅದರ ಗುಣ ತಿಳಿಯಬೇಕಾದರೆ ಮಾತ್ರ ಅಲ್ಲಿ ಕೆಲಸ ಮಾಡುವವರು ಎಲ್ಲಿ ಮಲಗುತ್ತಾರೆ, ಕಷ್ಟದ ದಿನ ಬಂದಾಗ ಆ ಮನೆ ಹೇಗೆ ನಡೆಯುತ್ತದೆ ಎಂಬುದನ್ನೂ ನೋಡಬೇಕು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಹಡಗು ಹತ್ತೋಣ.

ಹಡಗಿಗೆ ಸಂಸ್ಕೃತದಲ್ಲಿ ವಹಿತ್ರ ಎಂದೊಂದು ಹೆಸರುಂಟು. ಹೊತ್ತುಕೊಂಡು ಹೋಗುವಂಥದು ಎಂದು ಅದರ ಅರ್ಥ. ಅದೇ ನಮ್ಮಲ್ಲಿ ಬಹಿತ್ರ, ಭೈತ್ರ ಎಂದಾಗಿದೆ. ನಮ್ಮ ಹಳೆಯ ಕಥೆಗಳಲ್ಲಿ ಭೈತ್ರವನ್ನು ಏರುವವನು ವರ್ತಕ. ದ್ವೀಪಾಂತರಕ್ಕೆ ಹೋಗಿ ಹಣ ಗಳಿಸಿ ಬರುವುದು ಅವನ ಉದ್ದೇಶ. ನಡುವೆ ಇರುವ ಕಡಲು ದಾಟಬೇಕಾದ ಒಂದು ವಿಘ್ನ. ಎಲ್ಲಿಗೂ ಹೋಗುವ ಕೆಲಸವಿಲ್ಲದೆ, ಸುಮ್ಮನೆ ಕಡಲಿನಲ್ಲಿ ಸುತ್ತಾಡಿ ಹೊರಟ ಊರಿಗೇ ಮರಳುವವರನ್ನು ಕಂಡಿದ್ದರೆ ಆ ಕಾಲದವರು ನಕ್ಕುಬಿಡುತ್ತಿದ್ದರೇನೋ.

ಹಾಗೆ ಸುತ್ತಾಡಿಸುವ ವ್ಯಾಪಾರಕ್ಕೆ ಭದ್ರವಾದ ಬುನಾದಿ ಹಾಕಿದವರಲ್ಲಿ ಜರ್ಮನಿಯ ಆಲ್ಬರ್ಟ್ ಬಾಲಿನ್ ಮುಖ್ಯನಾದವನು. ಅವನು ಹ್ಯಾಂಬರ್ಗ್-ಅಮೆರಿಕ ಹಡಗು ಕಂಪನಿಯ ಕಾರ್ಯಭಾರಿ. ಚಳಿಗಾಲದಲ್ಲಿ ಅಟ್ಲಾಂಟಿಕ್ ಸಾಗರ ಬಹು ಒರಟು. ಆಗ ಅಮೆರಿಕಕ್ಕೆ ಹೋಗುವವರು ಕಡಮೆ. ಹಡಗು ಬಂದರಿನಲ್ಲಿ ಸುಮ್ಮನೆ ನಿಂತರೂ ಖರ್ಚು ನಿಲ್ಲುವುದಿಲ್ಲ. ಆದುದರಿಂದ 1891ರ ಜನವರಿಯಲ್ಲಿ ಆಗಸ್ಟಾ ವಿಕ್ಟೋರಿಯ ಎಂಬ ಹಡಗಿನಲ್ಲಿ 241 ಮಂದಿಯನ್ನು ಕೂರಿಸಿಕೊಂಡು ಅವನು ಮೆಡಿಟರೇನಿಯನ್ ಸಮುದ್ರಕ್ಕೆ ವಿಹಾರ ಹೊರಡಿಸಿದ. ತಾನೂ ಜೊತೆಗೆ ಹೋದ. ಯಾತ್ರೆ ಗೆದ್ದಿತು. ಆಮೇಲೆ ಅದೇ ಕಂಪನಿ ವಿಹಾರಕ್ಕೆಂದೇ ಪ್ರಿನ್ಸೆಸಿನ್ ವಿಕ್ಟೋರಿಯ ಲೂಯಿಸೆ ಎಂಬ ಹೊಸ ಹಡಗನ್ನು ಕಟ್ಟಿಸಿ 1900ರಲ್ಲಿ ನೀರಿಗಿಳಿಸಿತು. ಅದರಲ್ಲಿ ಇದ್ದುದು 120 ಕೋಣೆಗಳು; ಎಲ್ಲವೂ ಮೊದಲನೆಯ ದರ್ಜೆಯವು. ಪುಸ್ತಕ ಭಂಡಾರವಿತ್ತು, ಗರಡಿಯ ಸಾಧನಗಳಿದ್ದುವು, ಫೋಟೋ ತೆಗೆಯುವ ಹವ್ಯಾಸಿಗಳಿಗೆಂದು ಕತ್ತಲೆಕೋಣೆಯೂ ಇತ್ತು. ಪಾಪ, ಅದರ ಆಯುಸ್ಸು ಕಿರಿದು. 1906ರ ಡಿಸೆಂಬರಿನಲ್ಲಿ ಜಮೈಕ ದ್ವೀಪದ ಬಳಿ ನೆಲಕ್ಕೆ ತಗುಲಿ ಹಾಳಾಯಿತು.

ಹಡಗಿನ ಸಂಸಾರವನ್ನು ವಿವರವಾಗಿ ನೋಡಬೇಕಾದರೆ ಇನ್ನೂ ದೊಡ್ಡ ಮನೆಯೊಂದು ಬೇಕು. ಕ್ವೀನ್ ಮೇರಿಯನ್ನು ನೋಡೋಣ. ಸ್ಕಾಟ್ಲೆಂಡಿನ ಕ್ಲೈಡ್ ನದಿಯ ದಂಡೆಯಲ್ಲಿ ಕಟ್ಟಿದ ಈ ಹಡಗು 1934ರಲ್ಲಿ ನೀರಿಗಿಳಿದು, 1936ರ ಮೇ 27ರಂದು ಮೊದಲ ಸಲ ನ್ಯೂಯಾರ್ಕಿಗೆ ಹೊರಟಿತು. ಉದ್ದ 1,019 ಅಡಿ. ಪ್ರಯಾಣಿಕರು ಸುಮಾರು 2,100. ಅವರನ್ನು ನೋಡಿಕೊಳ್ಳುವ ಸಿಬ್ಬಂದಿ ಸುಮಾರು 1,100. ಎಂದರೆ ಇಬ್ಬರು ಅತಿಥಿಗಳಿಗೆ ಒಬ್ಬ ಕೆಲಸದವನು! ಇದು ಊರಿಂದೂರಿಗೆ ಜನರನ್ನು ಸಾಗಿಸುವ ಹಡಗಾಗಿದ್ದರೂ ವಿಹಾರದ ಹಡಗುಗಳು ಬಹುಮಟ್ಟಿಗೆ ಇಂಥವುಗಳನ್ನು ನೋಡಿಯೇ ಮನೆವಾರ್ತೆಯನ್ನು ಕಲಿತುವು.

ಮೊದಲು ಕೋಣೆ. ನೆಲದ ಮೇಲೆ ಗಾಳಿ ಬೆಳಕು ಬರುವ ಕೋಣೆ ಒಳ್ಳೆಯದು. ನೀರಿನ ಮೇಲೆ ಇನ್ನೊಂದು ಲೆಕ್ಕ ಸೇರುತ್ತದೆ. ಏತದ ಮರವನ್ನು ನೀವು ಕಂಡಿರಬಹುದು. ಅದರ ಎರಡು ತುದಿಗಳೂ ಏರುತ್ತವೆ, ಇಳಿಯುತ್ತವೆ. ನಡುವೆ ಆತುಕೊಂಡ ಸ್ಥಳ ಮಾತ್ರ ಅಲುಗಿದಂತೆ ಕಾಣುವುದಿಲ್ಲ. ಅಲೆಯ ಮೇಲಿನ ಹಡಗೂ ಹಾಗೆಯೇ. ಆದುದರಿಂದ ಕ್ವೀನ್ ಮೇರಿಯ ನಡುಭಾಗವೆಲ್ಲ ಹೆಚ್ಚು ಹಣ ಕೊಟ್ಟವರಿಗೆ, ಹಿಂಭಾಗ ಎರಡನೆಯವರಿಗೆ, ಅಲೆಯ ಪೆಟ್ಟನ್ನು ಮೊದಲು ತಿನ್ನುವ ಮುಂಭಾಗ ಮೂರನೆಯ ದರ್ಜೆಯವರಿಗೆ. ದರ್ಜೆ ದರ್ಜೆಗೂ ಬೇರೆ ಊಟದ ಮನೆ, ಬೇರೆ ಹಜಾರ. ಒಂದೇ ಹಡಗಿನೊಳಗೆ ಮೂರು ಕೇರಿಗಳು ಎನ್ನಬಹುದು.

ಮೇಲಿನ ದರ್ಜೆಯ ಕೋಣೆಗಳ ವೈಭವವನ್ನು ಏನೆಂದು ಹೇಳಲಿ! ಸಾಮ್ರಾಜ್ಯದ ನಾನಾ ದೇಶಗಳಿಂದ ತಂದ ಹತ್ತಾರು ಜಾತಿಯ ಮರಗಳ ಹಲಗೆ ಗೋಡೆಗಳಿಗೆ. ಸ್ನಾನದ ತೊಟ್ಟಿಗೆ ಸಿಹಿನೀರಿನ ಬಿಸಿ, ತಣ್ಣೀರು. ಜೊತೆಗೆ ಕಡಲಿನ ಉಪ್ಪುನೀರಿನ ಬಿಸಿ, ತಣ್ಣೀರು. ಹೀಗೆ ನಾಲ್ಕು ಬಗೆ. ಉಪ್ಪುನೀರಿನ ಸ್ನಾನ ಮೈಗೆ ಒಳ್ಳೆಯದೆಂದು ಅವರು ನಂಬಿದ್ದರು. ಕೋಣೆಯಿಂದಲೇ ದೂರದೇಶಕ್ಕೆ ಟೆಲಿಫೋನಿನಲ್ಲಿ ಮಾತನಾಡಬಹುದಾಗಿತ್ತು. ಇಷ್ಟೆಲ್ಲ ಇದ್ದೂ ಹಡಗು ಪಕ್ಕದಿಂದ ಪಕ್ಕಕ್ಕೆ ಹೊರಳಾಡುವುದರಲ್ಲಿ ಹೆಸರುವಾಸಿ. ಹಿಡಿದುಕೊಂಡು ನಡೆಯಲು ಗೋಡೆಗಳಿಗೆ ಆಮೇಲೆ ಪಟ್ಟಿಗಳನ್ನು ಕೂಡಿಸಬೇಕಾಯಿತು. ಹೊರಳಾಟವನ್ನು ತಗ್ಗಿಸುವ ರೆಕ್ಕೆಗಳನ್ನು ಹಾಕಿಸಿದ್ದು 1958ರಲ್ಲಿ.

ಕೋಣೆಯ ಮಾತು ಬಂದಾಗ ಶಬ್ದವೊಂದರ ಕಥೆ ನೆನಪಾಗುತ್ತದೆ. ಠೀವಿಯದು, ಶ್ರೀಮಂತರದು ಎಂಬ ಅರ್ಥದಲ್ಲಿ ಇಂಗ್ಲಿಷಿನವರು ಪಾಷ್ ಎನ್ನುತ್ತಾರೆ. ನಮ್ಮ ಪಟ್ಟಣಗಳಲ್ಲಿಯೂ ಆ ಮಾತು ಓಡಾಡುತ್ತದೆ. ಇಂಗ್ಲೆಂಡಿನಿಂದ ಇಂಡಿಯಾಕ್ಕೆ ಬರುವಾಗ ಹಡಗಿನ ಎಡಪಕ್ಕದ ಕೋಣೆ, ಹೋಗುವಾಗ ಬಲಪಕ್ಕದ ಕೋಣೆ, ಇವುಗಳಿಗೆ ಬಿಸಿಲು ಕಡಮೆ. ಶ್ರೀಮಂತರು ಅವನ್ನೇ ಕೇಳಿ ಪಡೆಯುತ್ತಿದ್ದರು. ಆ ನಾಲ್ಕು ಪದಗಳ ಮೊದಲ ಅಕ್ಷರಗಳು ಸೇರಿ ಪಾಷ್ ಆಯಿತು ಎಂದು ಬಹು ಜನ ಹೇಳುತ್ತಾರೆ. ಕಥೆ ಸೊಗಸಾಗಿದೆ. ನಿಘಂಟುಕಾರರು ಮಾತ್ರ ಇದನ್ನು ಒಪ್ಪಿಲ್ಲ; ಆ ಅಕ್ಷರಗಳನ್ನು ಒತ್ತಿದ ಟಿಕೆಟು ಒಂದಾದರೂ ಸಿಕ್ಕಿಲ್ಲವೆಂದು ಅವರ ವಾದ. ಶಬ್ದದ ವ್ಯುತ್ಪತ್ತಿ ಸುಳ್ಳಾಗಬಹುದು. ಕೆಂಪು ಸಮುದ್ರದ ಬಿಸಿಲು ಸುಳ್ಳಲ್ಲ. ತಣ್ಣಗಿನ ಕೋಣೆಗೆ ಅಲ್ಲಿ ನಿಜವಾಗಿಯೂ ಬೆಲೆಯಿತ್ತು.

ಇನ್ನು ಊಟ. ಕ್ವೀನ್ ಮೇರಿಯ ದೊಡ್ಡ ಭೋಜನಶಾಲೆ ಮೂರು ಅಂತಸ್ತಿನಷ್ಟು ಎತ್ತರ. ಅಗಲವೋ, ಹಡಗಿನ ಈ ಪಕ್ಕದಿಂದ ಆ ಪಕ್ಕಕ್ಕೆ. ಅಲ್ಲಿಯ ಗೋಡೆಯ ಮೇಲೆ ಅಟ್ಲಾಂಟಿಕ್ ಸಾಗರದ ದೊಡ್ಡದೊಂದು ಚಿತ್ರಪಟ. ಅದರಲ್ಲಿ ಸ್ಫಟಿಕದ ಪುಟ್ಟ ಹಡಗೊಂದು ದಿನದಿನಕ್ಕೂ ಮುಂದೆ ಸರಿಯುತ್ತ, ತಾವು ಕಡಲಿನ ಯಾವ ಭಾಗದಲ್ಲಿ ಇದ್ದೇವೆಂಬುದನ್ನು ಊಟಕ್ಕೆ ಕುಳಿತವರಿಗೆ ತಿಳಿಸುತ್ತಿತ್ತು. ರಾತ್ರಿಯ ಊಟಕ್ಕೆ ಹಬ್ಬದ ಉಡುಪು ಧರಿಸಿ ಬರಬೇಕೆಂಬುದು ಸಂಪ್ರದಾಯ. ಹೊರಟ ರಾತ್ರಿ ಮತ್ತು ಕೊನೆಯ ರಾತ್ರಿ ವಿನಾಯಿತಿ; ಏಕೆಂದರೆ ಪೆಟ್ಟಿಗೆ ಇನ್ನೂ ಬಿಚ್ಚಿರುವುದಿಲ್ಲ, ಇಲ್ಲವೆ ಆಗಲೇ ಕಟ್ಟಿಯಾಗಿರುತ್ತದೆ. ಕಪ್ತಾನನ ಮೇಜಿಗೆ ಕರೆ ಬಂದರೆ ಅದೊಂದು ಗೌರವ. ಕಡಲು ಕೆರಳಿದ ದಿನ ಊಟದ ಸೊಬಗೇ ಬೇರೆ. ಹಡಗುಗಳಲ್ಲಿ ಆಗ ಮೇಜಿನ ಅಂಚಿಗೆ ತಡೆಪಟ್ಟಿ ಎಬ್ಬಿಸುತ್ತಾರೆ. ತಟ್ಟೆ ಜಾರದಂತೆ ಮೇಜಿನ ಬಟ್ಟೆಯನ್ನು ಒದ್ದೆ ಮಾಡುತ್ತಾರೆ. ಹೀಗೆ ಹಿಡಿದಿಟ್ಟ ತಟ್ಟೆಯ ಮುಂದೆ ಕೂರುವ ಧೈರ್ಯ ಎಷ್ಟು ಮಂದಿಗೆ ಉಳಿದಿರುತ್ತಿತ್ತೋ, ಅದು ಬೇರೆಯ ಮಾತು.

ಹಡಗಿನ ಊಟವೆಂದರೆ ನಮ್ಮ ದೇಶದವರಿಗೆ ಇನ್ನೊಂದು ಚಿತ್ರ ಕಣ್ಣಿಗೆ ಕಟ್ಟಬೇಕು. 1888ರ ಸೆಪ್ಟೆಂಬರಿನಲ್ಲಿ ಹತ್ತೊಂಬತ್ತು ತುಂಬುತ್ತಿದ್ದ ಮೋಹನದಾಸ ಗಾಂಧಿ ಮುಂಬಯಿಯಿಂದ ಇಂಗ್ಲೆಂಡಿಗೆ ಹಡಗು ಹತ್ತಿದರು. ಚಮಚ, ಚಾಕು, ಮುಳ್ಳುಗಳನ್ನು ಹಿಡಿಯುವ ಅಭ್ಯಾಸವಿಲ್ಲ; ಯಾವ ಪದಾರ್ಥದಲ್ಲಿ ಮಾಂಸವಿಲ್ಲವೆಂದು ಕೇಳಲು ಸಂಕೋಚ. ಹೀಗಾಗಿ ಊಟದ ಮೇಜಿಗೇ ಹೋಗದೆ, ಊರಿನಿಂದ ತಂದ ಸಿಹಿತಿಂಡಿ, ಹಣ್ಣುಗಳನ್ನು ತಮ್ಮ ಕೋಣೆಯಲ್ಲಿಯೇ ತಿಂದು ಕಾಲ ಹಾಕಿದುದಾಗಿ ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ಎಲ್ಲರಿಗೂ ಎಲೆ ಹಾಕಿದ್ದರೂ ಕೂರಲು ಬಾರದವನೊಬ್ಬ ಪಕ್ಕದ ಕೋಣೆಯಲ್ಲಿ ಹಸಿದಿರಬಹುದು. ಅದನ್ನು ಗಮನಿಸುವುದೇ ಅಲ್ಲವೆ, ಒಳ್ಳೆಯ ಯಜಮಾನನ ಲಕ್ಷಣ?

ಮೂರನೆಯದು ವಿನೋದ. ನಾಲ್ಕು ದಿಕ್ಕಿಗೂ ನೀರೊಂದೇ ಕಾಣುವ ಕಡೆ ಮನಸ್ಸು ಮೊದಲ ದಿನ ಅರಳುತ್ತದೆ. ಮೂರನೆಯ ದಿನ ಮುದುಡುತ್ತದೆ. ಅದರ ಮೇಲೆ ಪಶ್ಚಿಮಕ್ಕೆ ಹೋಗುವ ಹಡಗಿನಲ್ಲಿ ರಾತ್ರಿ ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತಾರಾಗಿ ದಿನಕ್ಕೆ ಇಪ್ಪತ್ತೈದು ಗಂಟೆ! ಈ ಹೊತ್ತನ್ನು ಕಳೆಯಲು ಈಜುಕೊಳ, ಪುಸ್ತಕ ಭಂಡಾರ, ಸಿನಿಮಾ, ವಾದ್ಯಮೇಳ, ನೃತ್ಯ, ಮಕ್ಕಳಿಗೆ ಆಟದ ಕೋಣೆ. ನಿಸ್ತಂತು ತಂದ ಸುದ್ದಿಗಳನ್ನು ಹಡಗಿನಲ್ಲಿಯೇ ಅಚ್ಚುಮಾಡಿ ಹಂಚುವ ದಿನಪತ್ರಿಕೆ. ಮರದ ಕುದುರೆಗಳನ್ನು ದಾಳ ಹಾಕಿ ಓಡಿಸುವ ಪಂದ್ಯ. ಎಲ್ಲಕ್ಕಿಂತ ಮೋಜಿನದೆಂದರೆ, ಹಿಂದಿನ ಇಪ್ಪತ್ತನಾಲ್ಕು ಗಂಟೆಯಲ್ಲಿ ಹಡಗು ಎಷ್ಟು ಮೈಲಿ ಓಡಿತೆಂದು ಊಹಿಸಿ ಹಣ ಕಟ್ಟುವುದು. ಮಧ್ಯಾಹ್ನ ಲೆಕ್ಕ ಹೊರಬೀಳುವವರೆಗೆ ಎಲ್ಲರಿಗೂ ಅದೇ ಧ್ಯಾನ. ಒಟ್ಟಿನಲ್ಲಿ, ಕಡಲಿನ ಮೇಲಿದ್ದೇವೆಂಬುದನ್ನು ಮರೆಸುವುದಕ್ಕೆ ಎಷ್ಟು ಉಪಾಯಗಳುಂಟೋ ಅಷ್ಟನ್ನೂ ಹೂಡಿದ್ದರು.

ಇಷ್ಟೆಲ್ಲವನ್ನೂ ನಡೆಸಿದವರು ಯಾರು? ಅಡುಗೆಯವರು, ಬಡಿಸುವವರು, ಹಾಸಿಗೆ ಹಾಸುವವರು, ಬಟ್ಟೆ ಒಗೆಯುವವರು. ಹಡಗಿನ ಉಪಚಾರಕನಿಗೆ ಇಂಗ್ಲಿಷಿನಲ್ಲಿ ಸ್ಟೀವರ್ಡ್ ಎಂದು ಹೆಸರು. ಅದರ ಹಳೆಯ ರೂಪಕ್ಕೆ ಮನೆಯನ್ನು ಕಾಯುವವನು ಎಂದು ಅರ್ಥ. ಹೆಸರೇನೋ ಘನವಾದದ್ದು. ಆದರೆ ಆ ಕಾಯುವವನ ಹಾಸಿಗೆ ಮಾತ್ರ ಅತಿಥಿಗಳ ಕಣ್ಣಿಗೆ ಬೀಳದ ಇಕ್ಕಟ್ಟಾದ ಜಾಗದಲ್ಲಿ. ನಮ್ಮ ಪಶ್ಚಿಮ ಕರಾವಳಿಗೂ ಈ ವೃತ್ತಿಗೂ ಹಳೆಯ ನಂಟು. ಇಂಡಿಯಾಕ್ಕೆ ಬರುತ್ತಿದ್ದ ಬ್ರಿಟಿಷ್ ಹಡಗುಗಳಲ್ಲಿ ಗೋವೆಯ ಅಡುಗೆಯವರೂ ಉಪಚಾರಕರೂ ಬಹುಕಾಲದಿಂದ ದುಡಿದವರು.

ಹಬ್ಬದ ದಿನಗಳನ್ನು ಕಂಡಿರಿ. ಇನ್ನು ಕಷ್ಟದ ದಿನಗಳು. ಎರಡನೆಯ ಮಹಾಯುದ್ಧ ಬಂದಾಗ ಕ್ವೀನ್ ಮೇರಿಗೆ ಬೂದುಬಣ್ಣ ಬಳಿದು ಸೈನಿಕರನ್ನು ಸಾಗಿಸಲು ತೆಗೆದುಕೊಂಡರು. ರತ್ನಗಂಬಳಿಗಳನ್ನೂ ಪೀಠೋಪಕರಣಗಳನ್ನೂ ಇಳಿಸಿದರು. ಕೋಣೆಗಳಲ್ಲಿ ಒಂದರ ಮೇಲೊಂದು ಮಂಚಗಳು. ನೀರು ಬಸಿದ ಈಜುಕೊಳದೊಳಗೂ ಮಂಚಗಳು. ಒಬ್ಬನು ಎದ್ದ ಹಾಸಿಗೆಯಲ್ಲಿ ಇನ್ನೊಬ್ಬನು ಸರದಿಯ ಮೇಲೆ ಮಲಗುತ್ತಿದ್ದ. ದಿನಕ್ಕೆ ಎರಡೇ ಊಟ, ಅದೂ ಪಂಕ್ತಿಯ ಮೇಲೆ ಪಂಕ್ತಿ. 1943ರ ಜುಲೈ ತಿಂಗಳಿನ ಒಂದು ಯಾನದಲ್ಲಿ ಈ ಹಡಗಿನಲ್ಲಿ ಇದ್ದವರು ಒಟ್ಟು 16,683 ಮಂದಿ! ಮೂರು ಸಾವಿರ ಜನಕ್ಕೆಂದು ಕಟ್ಟಿದ ಮನೆ ಅದರ ಐದರಷ್ಟನ್ನು ಹೊತ್ತು ದಡ ಮುಟ್ಟಿತು. ಮನುಷ್ಯನಿಗೆ ಬೇಕಾದದ್ದು ಎಷ್ಟು, ಬಯಸುವುದು ಎಷ್ಟು ಎಂಬುದನ್ನು ಒಂದೇ ಹಡಗು ಹತ್ತು ವರ್ಷದೊಳಗೆ ತೋರಿಸಿಕೊಟ್ಟಿತು. ಕೇರಿಗಳ ಭೇದವೂ ಆಗ ನಿಂತಿತು ಎನ್ನುವಂತಿಲ್ಲ. ಹಡಗನ್ನು ಮೂರು ಪಾಲು ಮಾಡಿ, ಸೈನಿಕರು ತಮ್ಮ ಪಾಲಿನ ಬಣ್ಣದ ಬಿಲ್ಲೆ ಧರಿಸಿ ಅಲ್ಲಿಯೇ ಇರಬೇಕೆಂದು ಕಟ್ಟುಮಾಡಿದ್ದರು. ಆದರೆ ಆ ಗಡಿಗಳಿಗೆ ಕಾರಣ ಅಷ್ಟು ಜನರನ್ನು ಅಡ್ಡಾಡಿಸದೆ ಕಾಪಾಡುವುದೇ ಹೊರತು ಕಿಸೆಯ ಹಣವಲ್ಲ.

1947ರಲ್ಲಿ ಮತ್ತೆ ಪ್ರಯಾಣಿಕರ ಸೇವೆ ಮೊದಲಾಯಿತು. ಆದರೆ 1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕನ್ನು ದಾಟತೊಡಗಿದುವು. ಹಡಗಿಗೆ ನಾಲ್ಕೈದು ದಿನದ ದಾರಿ ವಿಮಾನಕ್ಕೆ ಕೆಲವು ಗಂಟೆಗಳದು. 1967ರಲ್ಲಿ ಕ್ವೀನ್ ಮೇರಿಯನ್ನು ಅಮೆರಿಕದ ಕ್ಯಾಲಿಫೋರ್ನಿಯದ ಲಾಂಗ್ ಬೀಚ್ ನಗರಕ್ಕೆ ಮಾರಿದರು. ಪನಾಮ ಕಾಲುವೆಯ ಅಂದಿನ ಬಾಗಿಲುಗಳ ಅಗಲ 110 ಅಡಿ, ಹಡಗಿನದು 118 ಅಡಿ. ಆದುದರಿಂದ ದಕ್ಷಿಣ ಅಮೆರಿಕವನ್ನೇ ಸುತ್ತಿಬಳಸಿ ಹೋಗಬೇಕಾಯಿತು. ಇಂದು ಅದು ಕಟ್ಟೆಗೆ ಕಟ್ಟಿದ ಹೋಟೆಲು. ಕೋಣೆ ಉಂಟು, ಊಟ ಉಂಟು, ವಿನೋದ ಉಂಟು, ಯಾನವೊಂದಿಲ್ಲ.

ವಿಮಾನವು ಸಾಗಿಸುವ ಕೆಲಸವನ್ನು ಕಿತ್ತುಕೊಂಡ ಮೇಲೆ ಹಡಗಿಗೆ ಉಳಿದದ್ದು ಈ ಮೂರೇ. ಅದನ್ನೇ ಹಿಡಿದು ವಿಹಾರದ ಹಡಗುಗಳು ಬೆಳೆದುವು. 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾತ್ರೆ ಹೊರಟ ಐಕಾನ್ ಆಫ್ ದಿ ಸೀಸ್ ಎಂಬ ಹಡಗು ಗಾತ್ರದಲ್ಲಿ ಕ್ವೀನ್ ಮೇರಿಯ ಮೂರರಷ್ಟು. ಇಪ್ಪತ್ತು ಅಂತಸ್ತು, ತುಂಬಿದರೆ ಸುಮಾರು 7,600 ಪ್ರಯಾಣಿಕರು, ಅವರ ಸೇವೆಗೆ ಸುಮಾರು 2,350 ಸಿಬ್ಬಂದಿ, ಏಳು ಈಜುಕೊಳಗಳು, ಮಂಜುಗಡ್ಡೆಯ ಮೇಲೆ ಜಾರುವ ಅಂಗಣ. ದರ್ಜೆ ಎಂಬ ಹೆಸರು ಇಂಥ ಹಡಗುಗಳಲ್ಲಿ ಹೋಗಿದೆ. ಬೆಲೆ ಎಂಬುದು ಆ ಸ್ಥಾನದಲ್ಲಿ ಕುಳಿತಿದೆ. ಹೆಚ್ಚು ಕೊಟ್ಟವರಿಗೆ ಕಡಲಿನ ಕಡೆ ಮೊಗಸಾಲೆಯುಳ್ಳ ಕೋಣೆ; ಕಡಮೆ ಕೊಟ್ಟವರಿಗೆ ಕಿಟಕಿಯಿಲ್ಲದ ಒಳಕೋಣೆ. ಕೆಲವು ಹಡಗುಗಳಲ್ಲಿ ಇಂಥ ಒಳಕೋಣೆಯ ಗೋಡೆಗೆ ಪರದೆ ಹಚ್ಚಿ ಹೊರಗಿನ ಕಡಲನ್ನು ಚಲಚ್ಚಿತ್ರದಂತೆ ತೋರಿಸುತ್ತಾರೆ. ಹಿಂದಿನವರು ಕಡಲನ್ನು ಮರೆಸಲು ಪಟ್ಟ ಪಾಡೇನು, ಇಂದಿನವರು ಅದನ್ನು ನೆನಪಿಸಲು ಪಡುವ ಪಾಡೇನು!

ಈ ಹೊಸ ಸಂಸಾರಕ್ಕೂ ಪರೀಕ್ಷೆ ಬಂತು. 2020ರ ಫೆಬ್ರವರಿಯಲ್ಲಿ ಡೈಮಂಡ್ ಪ್ರಿನ್ಸೆಸ್ ಎಂಬ ವಿಹಾರದ ಹಡಗು ಜಪಾನಿನ ಯೊಕೊಹಾಮದ ಬಳಿ ನಿಂತಾಗ ಅದರೊಳಗೆ ಕೋವಿಡ್ ಸೋಂಕು ಹೊಕ್ಕಿತ್ತು. ಇದ್ದವರು 2,666 ಪ್ರಯಾಣಿಕರು, 1,045 ಸಿಬ್ಬಂದಿ. ಪ್ರಯಾಣಿಕರು ಕೋಣೆಗಳಲ್ಲಿಯೇ ಇರಬೇಕೆಂದು ಆಜ್ಞೆಯಾಯಿತು. ಭೋಜನಶಾಲೆ ಮುಚ್ಚಿತು, ನಾಟ್ಯಶಾಲೆ ಮುಚ್ಚಿತು. ಸುಖಕ್ಕೆಂದು ಕೊಂಡ ಕೋಣೆ ಸೆರೆಯಾಯಿತು. ಕಿಟಕಿಯಿಲ್ಲದವರ ಪಾಡನ್ನು ನೀವೇ ಊಹಿಸಿಕೊಳ್ಳಿ. ಆದರೆ ಅನ್ನ ಬಾಗಿಲಿಗೆ ಬರಲೇಬೇಕಲ್ಲ? ಅದನ್ನು ತಂದವರು ಸಿಬ್ಬಂದಿ. ಅವರಲ್ಲಿ ಅನೇಕರು ಇಬ್ಬರಿಬ್ಬರು ಒಂದೇ ಕೋಣೆಯಲ್ಲಿ ಮಲಗಿ, ಒಟ್ಟಿಗೆ ಉಂಡು, ದಿನವೂ ತಟ್ಟೆ ಹೊತ್ತು ಬಾಗಿಲಿಂದ ಬಾಗಿಲಿಗೆ ನಡೆದರು. ಆರಂಭದ ದಿನಗಳಲ್ಲಿ ರೋಗ ಖಚಿತವಾದ ಸಿಬ್ಬಂದಿ 20 ಮಂದಿ. ಅವರಲ್ಲಿ 15 ಮಂದಿ ಊಟ ಉಪಾಹಾರದ ವಿಭಾಗದವರು. ಹಡಗಿನಲ್ಲಿ ಒಟ್ಟು ಸೋಂಕು ತಗುಲಿದವರ ಸಂಖ್ಯೆ 700ನ್ನು ಮೀರಿತು. ಸಿಬ್ಬಂದಿಯಲ್ಲಿ ನೂರಕ್ಕೂ ಮೇಲ್ಪಟ್ಟು ಭಾರತೀಯರಿದ್ದರು. ಫೆಬ್ರವರಿಯ ಕೊನೆಯಲ್ಲಿ 119 ಮಂದಿ ಭಾರತೀಯರನ್ನು ವಿಶೇಷ ವಿಮಾನದಲ್ಲಿ ದೆಹಲಿಗೆ ಕರೆತಂದರು.

ಹಾಗಾದರೆ ಹಡಗಿನ ಕೆಲಸಗಾರನಿಗೆ ರಕ್ಷಣೆಯೇ ಇಲ್ಲವೆ ಎಂದರೆ, ಉಂಟು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2006ರಲ್ಲಿ ನಾವಿಕ ಕಾರ್ಮಿಕರ ಒಡಂಬಡಿಕೆಯೊಂದನ್ನು ರಚಿಸಿತು. ಅದು 2013ರಲ್ಲಿ ಜಾರಿಗೆ ಬಂತು. ಭಾರತ 2015ರಲ್ಲಿ ಅದನ್ನು ಒಪ್ಪಿ ಸಹಿಮಾಡಿತು. ಮಲಗುವ ಕೋಣೆ ಹೇಗಿರಬೇಕು, ಆಹಾರ ಹೇಗಿರಬೇಕು, ಕೆಲಸದ ಕಾಲದಲ್ಲಿ ಊಟಕ್ಕೆ ಹಣ ಹಿಡಿಯಬಾರದು ಎಂಬೆಲ್ಲ ಕಟ್ಟಳೆಗಳು ಅದರಲ್ಲಿವೆ. ವಿಶ್ರಾಂತಿಯ ಕಾಲವನ್ನು ಲೆಕ್ಕ ಹಾಕುವ ದೇಶಗಳಲ್ಲಿ ಇಪ್ಪತ್ತನಾಲ್ಕು ಗಂಟೆಗೆ ಹತ್ತು ಗಂಟೆಯಾದರೂ, ವಾರಕ್ಕೆ 77 ಗಂಟೆಯಾದರೂ ಬಿಡುವು ಕೊಡಬೇಕೆಂದು ನಿಯಮ. ಇದು ಕನಿಷ್ಠವೆಂಬುದನ್ನು ಮರೆಯಬೇಡಿ. ಉಳಿದ ಗಂಟೆಗಳನ್ನು ನೀವೇ ಕೂಡಿ ನೋಡಿದರೆ ಆ ದುಡಿಮೆ ಎಂಥದೆಂಬುದು ತಿಳಿದೀತು.

ಈ ಲೆಕ್ಕ ನಮಗೆ ದೂರದ್ದಲ್ಲ. ನವಮಂಗಳೂರು ಬಂದರಿಗೆ ವಿಹಾರದ ಹಡಗುಗಳು ಬಂದು ಹೋಗುತ್ತವೆ. ಹೋಟೆಲು ನಡೆಸುವ ವಿದ್ಯೆಯನ್ನು ಕಲಿತ ನಮ್ಮ ಕರಾವಳಿಯ ಹುಡುಗರು ಇಂಥ ಹಡಗುಗಳಲ್ಲಿ ಕೆಲಸಕ್ಕೆ ಸೇರಿ, ಹಲವು ತಿಂಗಳ ಕರಾರಿನ ಮೇಲೆ ಹೋಗುತ್ತಾರೆ. ಅವರು ಕಳುಹಿಸಿದ ಹಣದಿಂದ ಊರಿನಲ್ಲಿ ಮನೆ ಏಳುತ್ತದೆ, ತಂಗಿಯ ಮದುವೆಯಾಗುತ್ತದೆ. ಮನೆ ಕಟ್ಟಿ, ಮದುವೆ ಮಾಡಿ ನೋಡುವ ಭಾಗ್ಯವೇನೋ ಅವರದು. ಗೃಹಪ್ರವೇಶದ ದಿನ ಎಷ್ಟೋ ಸಲ ಅವರು ಯಾವುದೋ ಸಮುದ್ರದಲ್ಲಿ ಬೇರೆಯವರ ಹಾಸಿಗೆ ಹಾಸುತ್ತಿರುತ್ತಾರೆ.

ಈಚಿನ ವರ್ಷಗಳಲ್ಲಿ ನಮ್ಮ ದೇಶದ ಬಂದರುಗಳಿಂದಲೂ ವಿಹಾರದ ಹಡಗುಗಳು ಹೊರಡುತ್ತಿವೆ. ನಿಮ್ಮಲ್ಲಿ ಕೆಲವರು ಹೋಗಿರಲೂಬಹುದು. ಮುಂದೆ ಹೋಗುವವರೂ ಇರಬಹುದು. ಹೋಗಿರಿ, ಕಡಲನ್ನು ಕಣ್ತುಂಬ ನೋಡಿರಿ, ಚೆನ್ನಾಗಿ ಉಣ್ಣಿರಿ. ಆದರೆ ನಿಮ್ಮ ಕೋಣೆಯನ್ನು ಗುಡಿಸುವವನ ಹೆಸರನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿರಿ. ಊರು ಯಾವುದು, ಮನೆಗೆ ಹೋಗಿ ಎಷ್ಟು ಕಾಲವಾಯಿತು ಎಂದು ವಿಚಾರಿಸಿರಿ. ಅವನು ಮಂಗಳೂರಿನವನೋ ಕಾರವಾರದವನೋ ಆಗಿದ್ದು, ನೀವು ಕನ್ನಡದಲ್ಲಿ ಎರಡು ಮಾತನಾಡಿದಿರೋ, ಆ ದಿನ ಅವನಿಗೆ ಹಡಗಿನಲ್ಲಿಯೂ ಒಂದು ಮನೆ ದೊರೆತಂತಾಗುತ್ತದೆ.